ಕತ್ತರಿ ಹಿಡಿದರೆ ಮಾತ್ರ

ನಮ್ಮ ಯಜಮಾನರ ಬಲಗೈ ಎಲ್ಲ ಕೆಲಸವನ್ನೂ ಮಾಡುತ್ತಿತ್ತು. ತಟ್ಟೆಯಿಂದ ಬಾಯಿಗೆ ತುತ್ತು ಒಯ್ಯುತ್ತಿತ್ತು, ಶೂ ಲೇಸು ಕಟ್ಟುತ್ತಿತ್ತು, ನಾನು ಏನಾದರೂ ಹೇಳಲು ಬಾಯಿ ತೆರೆದರೆ ‘ಸಾಕು ನಿಲ್ಲಿಸು’ ಎನ್ನುವಂತೆ ಮೇಲಕ್ಕೂ ಏಳುತ್ತಿತ್ತು. ಕತ್ತರಿ ಹಿಡಿದರೆ ಮಾತ್ರ ಮುದುಡಿಕೊಳ್ಳುತ್ತಿತ್ತು. ಇವರು ಶಾಲೆಯ ಮೇಷ್ಟರೋ ಬಸ್ಸಿನ ಕಂಡಕ್ಟರೋ ಆಗಿದ್ದರೆ, ಹಾಳಾಗಿ ಹೋಗಲಿ ಎಂದು ಕತ್ತರಿಯನ್ನು ಮೂಲೆಗೆ ಎಸೆದು ಸುಮ್ಮನಿರಬಹುದಿತ್ತು. ಇವರು ಕಟಿಂಗ್ ಮಾಸ್ಟರು. ಬಟ್ಟೆ ಕತ್ತರಿಸುವುದು ಬಿಟ್ಟರೆ ಇವರಿಗೆ ಇನ್ನೊಂದು ಕೆಲಸ ಬರುವುದಿಲ್ಲ. ಒಮ್ಮೆ ಒಲೆ ಹಚ್ಚಲು ಹೇಳಿದ ದಿನ ಏನಾಯಿತೆಂದು ನಾನಿಲ್ಲಿ ಬರೆಯುವುದಿಲ್ಲ.

ನಮ್ಮ ಅಂಗಡಿ ಒಂದು ಗಲ್ಲಿಯಲ್ಲಿದೆ. ಒಂದು ಪಕ್ಕ ಬೀಗ ರಿಪೇರಿಯವನ ಗೂಡು, ಇನ್ನೊಂದು ಪಕ್ಕ ಜೆರಾಕ್ಸ್ ಅಂಗಡಿ. ಮುಂದೆ ಗಾಜಿನ ಬಾಗಿಲು, ಬಾಗಿಲ ಹಿಂದೆ ಕೋಟು ತೊಟ್ಟ ತಲೆಯಿಲ್ಲದ ಗೊಂಬೆ, ಗೊಂಬೆಯ ಹಿಂದೆ ಕಟಿಂಗ್ ಟೇಬಲ್. ಅದು ಟೇಬಲ್ಲೇನಲ್ಲ, ಯಾವುದೋ ಮನೆ ಕೆಡವಿದಾಗ ತಂದ ಬಾಗಿಲು. ಚಿಲಕದ ತೂತು ಇನ್ನೂ ಇದೆ. ಟೇಬಲ್ಲಿನ ಹಿಂದೆ ಒಂದು ಪರದೆ. ಪರದೆಯ ಆಚೆ, ನಮ್ಮ ಮನೆಗೆ ಹೋಗುವ ಬಾಗಿಲಿನ ಪಕ್ಕ, ನಾನು, ನನ್ನ ಮಷೀನು, ಕಾಜಾ, ಗುಂಡಿ, ಇಸ್ತ್ರಿ. ಮದುವೆಯಾಗಿ ಬಂದಾಗಿನಿಂದ ಅಲ್ಲಿಯೇ ಕೂತಿದ್ದೇನೆ.

ಹಾಗಾಗಿ ಇವರು ಬಟ್ಟೆ ಕತ್ತರಿಸುವುದನ್ನು ನಾನು ನೋಡಿದ್ದು ಕಡಿಮೆ, ಕೇಳಿದ್ದೇ ಹೆಚ್ಚು. ದೊಡ್ಡ ಕತ್ತರಿಯ ಕೆಳಗಿನ ಅಲಗು ಟೇಬಲ್ಲಿಗೆ ತಾಗಿಕೊಂಡೇ ಜಾರುತ್ತದೆ. ಕರ್ರ್ ಎಂದು ಸದ್ದು ಒಂದೇ ಎಳೆಯಾಗಿ ಹೋಗಿ ಕೊನೆಯಲ್ಲಿ ಟಕ್ ಎಂದು ಮುಗಿಯುತ್ತದೆ. ಪ್ಯಾಂಟಿನ ಕಾಲಾದರೆ ಉದ್ದ, ಕಂಕುಳ ತಿರುವಾದರೆ ಗಿಡ್ಡ. ಆ ಟಕ್ ಕೇಳಿದ ಮೇಲೆ ಪರದೆಯ ಕೆಳಗಿಂದ ತುಂಡು ನನ್ನ ಕಡೆ ಬರುತ್ತದೆ. ಆ ಕತ್ತರಿಯನ್ನು ನಾನು ಮುಟ್ಟುವಂತಿಲ್ಲ. ಯಾರೂ ಮುಟ್ಟುವಂತಿಲ್ಲ. ಒಮ್ಮೆ ನಾನು ಅದರಿಂದ ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿದ್ದಕ್ಕೆ ಆಕಾಶ ಭೂಮಿ ಒಂದು ಮಾಡಿದ್ದರು. ಬಟ್ಟೆಯ ಕತ್ತರಿಗೆ ಕಾಗದ ತೋರಿಸಿದರೂ ಮೊಂಡಾಗುತ್ತದಂತೆ.

ಇನ್ನು ನನ್ನ ಅಕ್ಕನ ವಿಷಯ. ಅವಳಿರುವುದು ಸಮುದ್ರದ ದಂಡೆಯ ಊರಿನಲ್ಲಿ. ಪ್ರತಿ ವರ್ಷ ಬಾ ಎಂದು ಕರೆಯುತ್ತಾಳೆ. ಪ್ರತಿ ವರ್ಷ ಹೊರಡುವ ಹೊತ್ತಿಗೆ ಯಾರದಾದರೂ ಸೂಟು, ಇಲ್ಲವಾದರೆ ಯಾವುದಾದರೂ ಶಾಲೆಯ ಯೂನಿಫಾರ್ಮು ಬಂದು ಟೇಬಲ್ಲಿನ ಮೇಲೆ ಕೂರುತ್ತದೆ. “ಸಮುದ್ರ ಎಲ್ಲಿಗೂ ಹೋಗಲ್ಲ ಕಣೇ” ಎನ್ನುತ್ತಾರೆ ಇವರು. ನಿಜ, ಸಮುದ್ರವೂ ಎಲ್ಲಿಗೂ ಹೋಗುವುದಿಲ್ಲ, ನಾನೂ ಎಲ್ಲಿಗೂ ಹೋಗುವುದಿಲ್ಲ. ಈ ಸಲ ಮಾತ್ರ ಹೋಗಿಯೇ ಸಿದ್ಧ ಎಂದು ಅಟ್ಟದ ಮೇಲಿನ ಬ್ಯಾಗನ್ನು ಇಳಿಸಿ ಧೂಳು ಒರೆಸಿಟ್ಟಿದ್ದೆ. ಅದೇ ವಾರ ಆ ಸದ್ದು ತುಂಡಾಯಿತು.

ವಕೀಲರೊಬ್ಬರ ಕರಿ ಕೋಟು. ಬೆನ್ನಿನ ಭಾಗ ಕತ್ತರಿಸುತ್ತಿದ್ದರು. ಕರ್ರ್ ಎಂದದ್ದು ನಡುವೆ ನಿಂತಿತು. ಮತ್ತೆ ಕರ್, ಮತ್ತೆ ನಿಂತಿತು.

“ಏನಾಯ್ತ್ರೀ?” ಎಂದು ಪರದೆಯ ಹಿಂದಿನಿಂದ ಕೇಳಿದೆ.

“ಏನಿಲ್ಲ. ಬಟ್ಟೆ ಸರಿ ಇಲ್ಲ.”

ಮರುದಿನ ಕತ್ತರಿ ಸರಿ ಇರಲಿಲ್ಲ. ಸಾಣೆಗೆ ಹೋಗಿ ಬಂತು. ಅದರ ಮರುದಿನ ಟ್ಯೂಬ್‌ಲೈಟ್ ಸರಿ ಇರಲಿಲ್ಲ, ಬದಲಾಯಿತು. ಆಮೇಲೆ ಟೇಬಲ್ಲಿನ ಕಾಲು. ಬಟ್ಟೆ, ಕತ್ತರಿ, ಬೆಳಕು, ಟೇಬಲ್ ಎಲ್ಲ ಮುಗಿದ ಮೇಲೆ ನನ್ನ ಸರದಿ ಬಂತು. ನಾನು ಮಷೀನು ತುಳಿಯುವ ಸದ್ದಿಗೆ ಕೈ ತಪ್ಪುತ್ತದಂತೆ. ಇಷ್ಟು ವರ್ಷ ತಪ್ಪದ್ದು ಈಗ ಯಾಕೆ ತಪ್ಪುತ್ತದೆ ಎಂದು ಎದ್ದು ಹೋಗಿ ನೋಡಿದೆ. ಹೆಬ್ಬೆರಳು ಹಿಡಿಯೊಳಗೆ ಸೆಟೆದು ನಿಂತಿತ್ತು, ತೋರುಬೆರಳು ಅಂಗೈಯೊಳಗೆ ಮಡಚಿಕೊಂಡಿತ್ತು, ಮಣಿಕಟ್ಟು ಒಳಕ್ಕೆ ಬಾಗಿತ್ತು. ಕತ್ತರಿ ತೆರೆಯಲು ಇವರು ಒದ್ದಾಡುತ್ತಿದ್ದರು, ಹಣೆಯಲ್ಲಿ ಬೆವರು. ಕತ್ತರಿ ಕೆಳಗಿಟ್ಟ ಕೂಡಲೇ ಕೈ ಏನೂ ಗೊತ್ತಿಲ್ಲದಂತೆ ನೆಟ್ಟಗಾಯಿತು.

ಅಲ್ಲಿಂದ ಶುರುವಾಯಿತು ಸಲಹೆಗಳ ಕಾಟ. ನಮ್ಮಲ್ಲಿ ಯಾರಿಗೆ ಏನಾದರೂ ಅದು ನರ. ಕತ್ತು ನೋವಾದರೆ ನರ, ಕಾಲು ಜೋಮು ಹಿಡಿದರೆ ನರ, ಸಿಟ್ಟು ಬಂದರೂ ನರ. ಬೀಗದವನು “ನರದ ಮೇಲೆ ನರ ಹತ್ತಿದೆ” ಎಂದ. ಜೆರಾಕ್ಸಿನವನು “ನರ ವೀಕಾಗಿದೆ, ಬಾದಾಮಿ ತಿನ್ಲಿ” ಎಂದ. ಒಬ್ಬ ಗಿರಾಕಿ ಅಳತೆ ಕೊಡುತ್ತಾ ನಿಂತವರು, ಕೈ ಮೇಲೆತ್ತಿಕೊಂಡೇ, ತಮ್ಮ ಸೋದರಮಾವ ಹೀಗೇ ಆಗಿ ತೀರಿಕೊಂಡರು ಎಂದು ಹೇಳಿ ಹೋದರು. ಎಣ್ಣೆ ಹಚ್ಚಿದ್ದಾಯಿತು, ಬಿಸಿನೀರಿನ ಶಾಖ ಕೊಟ್ಟಿದ್ದಾಯಿತು. ಎಣ್ಣೆಗೈಯಲ್ಲಿ ಒಬ್ಬರ ಬಿಳಿ ಅಂಗಿಯ ಬಟ್ಟೆ ಮುಟ್ಟಿ ಅದನ್ನೂ ಹಾಳು ಮಾಡಿದ್ದಾಯಿತು.

ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿ ಮೂಳೆ ಸರಿ ಇದೆ ಎಂದರು. ಕಣ್ಣಿನ ಡಾಕ್ಟರು ಕನ್ನಡಕ ಬದಲಾಯಿಸಿದರು. ಈಗ ಮುದುಡುವ ಕೈ ಇನ್ನೂ ಸ್ಪಷ್ಟವಾಗಿ ಕಾಣುತ್ತಿತ್ತು. ಆಮೇಲೆ ನರಗಳ ಪರೀಕ್ಷೆ. ತೋಳಿನ ಮೇಲೆ ಅಲ್ಲಲ್ಲಿ ಕರೆಂಟು ಮುಟ್ಟಿಸಿ, ಅದು ಬೆರಳಿನವರೆಗೆ ಎಷ್ಟು ಬೇಗ ಹೋಗುತ್ತದೆ ಎಂದು ನೋಡಿದರು. ಒಂದೊಂದು ಸಲ ಮುಟ್ಟಿಸಿದಾಗಲೂ ಇವರು ಹಾರಿ ಬೀಳುತ್ತಿದ್ದರು. ರಿಪೋರ್ಟು ಬಂತು. ಎಲ್ಲಾ ನಾರ್ಮಲ್.

ಕಾಯಿಲೆ ಇಲ್ಲ ಎಂದು ಬರೆದುಕೊಟ್ಟರೆ ಜನ ಖುಷಿಪಡುತ್ತಾರೆ. ನಮಗೆ ಅದೇ ದೊಡ್ಡ ತಲೆನೋವಾಯಿತು. “ಎಲ್ಲಾ ನಾರ್ಮಲ್ ಅಂತೆ, ಮಾಸ್ಟರಿಗೆ ಕೆಲಸ ಬೇಜಾರಾಗಿದೆ ಅಷ್ಟೆ” ಎಂದು ಜೆರಾಕ್ಸಿನವನು ನನ್ನೆದುರಿಗೇ ಹೇಳಿದ. ಮನಸ್ಸಿಗೆ ಹಚ್ಚಿಕೊಂಡಿದ್ದಾರೆ, ನಾಲ್ಕು ದಿನ ಸುಮ್ಮನಿದ್ದರೆ ಹೋಗುತ್ತದೆ ಎಂದು ಇನ್ನೊಬ್ಬರು. ಇವರು ಕತ್ತಿಗೆ ಟೇಪು ಹಾಕಿಕೊಂಡು, ಬಾಗಿಲಲ್ಲಿ ನಿಂತು, ಗಲ್ಲಿಯಲ್ಲಿ ಹೋಗುವವರ ಪ್ಯಾಂಟುಗಳನ್ನು ನೋಡುತ್ತಿದ್ದರು. ಒಂದು ದಿನ ನಾನೇ ನಡೀರಿ ಎಂದು ಬೈದು, ಇವರನ್ನು ಹೊರಡಿಸಿಕೊಂಡು, ದೊಡ್ಡಾಸ್ಪತ್ರೆಯ ನರರೋಗ ವಿಭಾಗಕ್ಕೆ ಹೋದೆ.

ಆ ವಿಭಾಗದ ಉದ್ದ ಬೆಂಚಿನ ಮೇಲೆ ಕೂತರೆ ಮನುಷ್ಯನ ಮೈಯಲ್ಲಿ ಏನೇನು ಕೆಡಬಹುದು ಎಂದು ಗೊತ್ತಾಗುತ್ತದೆ. ಒಬ್ಬರಿಗೆ ತಲೆ ನಿಲ್ಲುವುದಿಲ್ಲ, ಒಬ್ಬರಿಗೆ ಕಾಲು ಏಳುವುದಿಲ್ಲ, ಒಬ್ಬ ಅಜ್ಜನಿಗೆ ಹೆಂಡತಿಯ ಹೆಸರೇ ನೆನಪಿಲ್ಲ. ನಮ್ಮ ಡಾಕ್ಟರು ಒಬ್ಬ ಕುಳ್ಳಗಿನ ಹೆಂಗಸು, ಚುರುಕು ಮಾತಿನವರು. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಮೆದುಳು ಇತ್ತು. ಇವರು ಬಂದ ಕೆಲಸ ಬಿಟ್ಟು ಅದನ್ನೇ ದಿಟ್ಟಿಸಿದರು.

“ಇಷ್ಟು ಚಿಕ್ಕ ಜಾಗಕ್ಕೆ ಇಷ್ಟೊಂದು ಬಟ್ಟೆ ತುರುಕಿದ್ದಾರಲ್ಲ ಡಾಕ್ಟ್ರೇ. ಎಷ್ಟೊಂದು ನೆರಿಗೆ!”

“ಬಿಡಿಸಿ ಹಾಸಿದ್ರೆ ಹೆಚ್ಚುಕಡಿಮೆ ಒಂದು ದಿಂಬಿನ ಕವರಿನಷ್ಟು ಆಗುತ್ತೆ” ಎಂದರು ಡಾಕ್ಟರು ನಗುತ್ತಾ.

“ಹಾಗಾದ್ರೆ ಸರಿ, ನೆರಿಗೆ ಬೇಕೇ ಬೇಕು” ಎಂದು ಇವರು ಒಪ್ಪಿಗೆ ಕೊಟ್ಟರು. ಮನುಷ್ಯನಿಗೆ ಕೈ ಹೋಗುತ್ತಿದೆ, ಇವರು ಮೆದುಳಿನ ಹೊಲಿಗೆ ನೋಡುತ್ತಿದ್ದಾರೆ. ನಾನು ಮೊಣಕೈಯಿಂದ ತಿವಿದೆ.

ಮೂಗು ಮುಟ್ಟಿ ಎಂದರು, ಮುಟ್ಟಿದರು. ಗೆರೆಯ ಮೇಲೆ ನಡೆಯಿರಿ ಎಂದರು, ನಡೆದರು. ಹೆಸರು ಬರೆಸಿದರು, ಲೋಟದಿಂದ ಲೋಟಕ್ಕೆ ನೀರು ಸುರಿಸಿದರು. ಕೈ ಒಳ್ಳೆಯ ಮನೆತನದ ಕೈಯಂತೆ ಎಲ್ಲ ಮಾಡಿತು. ನನಗೆ ಆ ಕೈಯ ಮೇಲೆ ಒಂದೇಟು ಹಾಕುವಷ್ಟು ಸಿಟ್ಟು ಬಂತು. “ಇಲ್ಲಿ ಎಲ್ಲಾ ಮಾಡುತ್ತೆ ಡಾಕ್ಟ್ರೇ, ಕತ್ತರಿ ಹಿಡಿದ್ರೆ ಮಾತ್ರ ಆಟ ಆಡುತ್ತೆ” ಎಂದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. “ಕತ್ತರಿ ಹಿಡಿದ್ರೆ ಮಾತ್ರಾನಾ? ನಾಳೆ ಕತ್ತರಿ ತಗೊಂಡು ಬನ್ನಿ. ಬಟ್ಟೆನೂ ತನ್ನಿ.”

ಮರುದಿನ ಗೇಟಿನಲ್ಲಿ ಸೆಕ್ಯುರಿಟಿಯವನು ಚೀಲ ತೆರೆದು, ಮೊಳದುದ್ದದ ಕತ್ತರಿ ಎತ್ತಿ ಹಿಡಿದು, “ಇದೇನಮ್ಮಾ?” ಎಂದ. ಡಾಕ್ಟರು ತರಹೇಳಿದ್ದಾರೆ ಎಂದರೆ ನಂಬಲಿಲ್ಲ. “ಯಾವ ಡಾಕ್ಟ್ರು ಕತ್ತರಿ ಮನೆಯಿಂದ ತನ್ನಿ ಅಂತಾರೆ? ಆಪರೇಷನ್ ನೀವೇ ಮಾಡ್ಕೋತೀರಾ?” ಇವರಿಗೆ ಅದಲ್ಲ ಚಿಂತೆ, ಬೇರೆಯವನೊಬ್ಬ ತಮ್ಮ ಕತ್ತರಿ ಮುಟ್ಟಿದನಲ್ಲ ಎಂದು ಮುಖ ಕೆಂಪಾಗಿತ್ತು. “ಅಲಗಿಗೆ ಬೆರಳು ತಾಗಿಸ್ಬೇಡಪ್ಪಾ!” ಎಂದು ಗದರಿದರು. ಅವನು ಬೆದರಿ ವಾಕಿಟಾಕಿ ತೆಗೆದ. ಕೊನೆಗೆ ಡಾಕ್ಟರೇ ಇಳಿದು ಬಂದು ನಮ್ಮನ್ನು ಬಿಡಿಸಿಕೊಂಡು ಹೋಗಬೇಕಾಯಿತು.

ಪರೀಕ್ಷೆಯ ಮಂಚದ ಮೇಲೆ ಬಟ್ಟೆ ಹಾಸಿ ಇವರು ಕತ್ತರಿ ಹಿಡಿದರು. ಎರಡು ಬೆರಳಿನಷ್ಟು ಹೋಗಿರಬೇಕು, ಕೈ ಮುದುಡಿತು. “ಸಿಕ್ತು!” ಎಂದು ಡಾಕ್ಟರು ಕೂಗಿದರು, ಸುತ್ತಿ ಬಂದು ಮೊಬೈಲಿನಲ್ಲಿ ವಿಡಿಯೋ ಹಿಡಿದರು, ಪಕ್ಕದ ಕೋಣೆಯಿಂದ ಇನ್ನಿಬ್ಬರನ್ನು ಕರೆದು ತೋರಿಸಿದರು. ಇವರ ಮುಖ ಸಪ್ಪಗಾಯಿತು. “ನನ್ನ ಕೈ ಹೋಗ್ತಿದೆ, ಇವರಿಗೆ ಸಂಭ್ರಮ” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಕಾಯಿಲೆಗೆ ಡಿಸ್ಟೋನಿಯಾ ಎಂದು ಹೆಸರು. ಡಾಕ್ಟರು ಇವರನ್ನು ಕೂರಿಸಿ ನಿಧಾನವಾಗಿ ಹೇಳಿದರು. ಕೈಯೂ ಸರಿ ಇದೆ, ನರವೂ ಸರಿ ಇದೆ, ಅದಕ್ಕೇ ರಿಪೋರ್ಟಿನಲ್ಲಿ ಏನೂ ಬರಲಿಲ್ಲ. ಕೆಟ್ಟಿರುವುದು ಮೇಲಿನಿಂದ ಬರುವ ಅಪ್ಪಣೆ. ಒಂದೇ ಕೆಲಸವನ್ನು ವರ್ಷಗಟ್ಟಲೆ ಸೂಕ್ಷ್ಮವಾಗಿ ಮಾಡಿದವರಲ್ಲಿ ಕೆಲವರಿಗೆ ಹೀಗಾಗುತ್ತದೆ, ಬರೆಯುವವರಿಗೆ, ವಾದ್ಯ ನುಡಿಸುವವರಿಗೆ. ಮೆದುಳಿನಲ್ಲಿ ಒಂದೊಂದು ಬೆರಳಿಗೂ ಒಂದೊಂದು ಜಾಗ ಇರುತ್ತದೆ. ಆ ಜಾಗಗಳ ಗಡಿ ಕಲಸಿಹೋಗುತ್ತದೆ. “ತೆರೆಯೋ ಸ್ನಾಯುಗೂ ಮುಚ್ಚೋ ಸ್ನಾಯುಗೂ ಮೆದುಳು ಒಂದೇ ಸಲ ಆರ್ಡರ್ ಕೊಡ್ತಿದೆ. ಇಬ್ಬರೂ ಎಳೀತಾರೆ, ಕೈ ನಡುವೆ ಸಿಕ್ಕಿಕೊಳ್ಳುತ್ತೆ.”

“ನಮ್ಮ ಮನೆ ನಡೆಯೋದೇ ಹಾಗೆ ಡಾಕ್ಟ್ರೇ” ಎಂದೆ. ಇವರು ನಗಲಿಲ್ಲ.

“ಮನಸ್ಸಿನ ಕಾಯಿಲೆ ಅಲ್ಲ ತಾನೆ?” ಎಂದು ಕೇಳಿದರು.

“ಅಲ್ಲ. ನೀವು ನಾಟಕ ಮಾಡ್ತಿಲ್ಲ, ಸೋಮಾರಿತನವೂ ಅಲ್ಲ.”

ಇವರು ತಲೆ ತಗ್ಗಿಸಿದರು. ಎಷ್ಟು ಜನರ ಮಾತನ್ನು ಒಳಗಿಟ್ಟುಕೊಂಡಿದ್ದರೋ ಏನೋ. ಪೂರ್ತಿ ವಾಸಿಯಾಗುತ್ತದೆ ಎಂದು ಡಾಕ್ಟರು ಮಾತು ಕೊಡಲಿಲ್ಲ. ಮುದುಡುವ ಸ್ನಾಯುವನ್ನು ಸಡಿಲ ಮಾಡುವ ಇಂಜೆಕ್ಷನ್ ಇದೆ, ಕೈಗೆ ಹೊಸದಾಗಿ ಪಾಠ ಹೇಳುವ ವ್ಯಾಯಾಮ ಇದೆ, ನೋಡೋಣ ಎಂದರು. “ಆದರೆ ನಾನು ಹೇಳೋವರೆಗೂ ಬಟ್ಟೆ ಕತ್ತರಿಸೋ ಹಾಗಿಲ್ಲ. ಹಠ ಹಿಡಿದು ಪ್ರಾಕ್ಟೀಸ್ ಮಾಡಿದಷ್ಟೂ ಮೆದುಳು ತಪ್ಪನ್ನೇ ಕಲಿಯುತ್ತೆ.”

“ಸೂಜಿ ಹಿಡಿಯೋದು ನನ್ನ ಕೆಲಸ, ಚುಚ್ಚಿಸಿಕೊಳ್ಳೋದಲ್ಲ” ಎಂದು ಇವರು ಒಂದು ವಾರ ರಂಪ ಮಾಡಿ ಇಂಜೆಕ್ಷನ್ ತೆಗೆದುಕೊಂಡರು. ಮುದುಡುವುದು ಸ್ವಲ್ಪ ಕಡಿಮೆಯಾಯಿತು, ಅದರ ಜೊತೆಗೆ ತೋರುಬೆರಳಿನ ಶಕ್ತಿಯೂ ಹೋಯಿತು; ಕೆಲವು ವಾರ ಬೆಂಕಿಕಡ್ಡಿ ಗೀರಲೂ ಆಗಲಿಲ್ಲ. ಶಕ್ತಿ ವಾಪಸು ಬಂತು, ಅದರ ಹಿಂದೆಯೇ ಮುದುಡುವುದೂ ವಾಪಸು ಬಂತು. ಮುಂದಿನ ಸಲ ಔಷಧದ ಅಳತೆ ಕಡಿಮೆ ಮಾಡೋಣ ಎಂದು ಡಾಕ್ಟರು ಎಂದರೆ ಇವರು ಬಾಗಿಲ ಕಡೆ ನೋಡಿದರು. ವ್ಯಾಯಾಮ ಹೇಳಿಕೊಡುವಾಕೆ ಬಟ್ಟೆಯಿಲ್ಲದೆ ಕತ್ತರಿಯನ್ನು ಸುಮ್ಮನೆ ಹಿಡಿದು ಕೂರಲು ಹೇಳಿದರು. “ಬರೀ ಕತ್ತರಿ ಹಿಡ್ಕೊಂಡು ಕೂತ್ರೆ ಜನ ಏನಂದುಕೊಳ್ತಾರೆ?” ಎಂಬುದು ಇವರ ಪ್ರಶ್ನೆ.

ಅಷ್ಟರಲ್ಲಿ ಅಂಗಡಿಯ ಕೆಲಸ ನಿಂತಿತು. ಸೀಮೆಸುಣ್ಣದಲ್ಲಿ ಗುರುತು ಹಾಕಲು ಕೈಗೆ ಏನೂ ತೊಂದರೆಯಿಲ್ಲ. ನೀವು ಗೆರೆ ಹಾಕಿ, ನಾನು ಕತ್ತರಿಸುತ್ತೇನೆ ಎಂದೆ. ನಾನು ಅಂಗಡಿಗೆ ಬೆಂಕಿ ಇಡುತ್ತೇನೆ ಎಂದ ಹಾಗೆ ಇವರು ನೋಡಿದರು. ಗೆರೆ ಹಾಕಿದ ಬಟ್ಟೆಗಳನ್ನು ಪಕ್ಕದ ಬೀದಿಯ ಟೈಲರಿಗೆ ಒಯ್ದು ಕೊಟ್ಟು, ಅವನ ಕೈಯಿಂದ ಕತ್ತರಿಸಿಕೊಂಡು ಬರತೊಡಗಿದೆವು. ಅವನು ಗೆರೆಯ ಹೊರಗೇ ಕತ್ತರಿಸುತ್ತಿದ್ದ. ತುಂಡುಗಳನ್ನು ನೋಡಿ ಇವರು ಊಟ ಬಿಡುತ್ತಿದ್ದರು. ವಕೀಲರ ಕರಿ ಬಟ್ಟೆಯನ್ನು ಮಾತ್ರ ಅವನಿಗೆ ಕೊಡಲಿಲ್ಲ. ಅರ್ಧ ಬೆನ್ನು ಕತ್ತರಿಸಿ ನಿಂತ ಆ ಬಟ್ಟೆ ಷೆಲ್ಫಿನ ಮೇಲೆ ಮಡಚಿ ಕೂತಿತ್ತು. ವಕೀಲರು ಬರುತ್ತಿದ್ದರು, ನೋಡುತ್ತಿದ್ದರು. “ಮಾಸ್ಟರ್, ನನ್ನ ಕೇಸುಗಳೇ ನಿಮಗಿಂತ ಬೇಗ ಮುಗೀತಿವೆ” ಎಂದು ಹೋಗುತ್ತಿದ್ದರು. ಒಂದು ದಿನ ಅವರು ಹೋದ ಮೇಲೆ ಇವರು ಹೇಳಿದರು, “ಆ ಕೋಟು ನನ್ನ ಕೈಯಿಂದ ಆಗದಿದ್ರೆ ಬಾಗಿಲು ಹಾಕಿಬಿಡ್ತೀನಿ.”

ಈ ಮನುಷ್ಯ ಆ ಟೇಬಲ್ಲಿನ ಮುಂದೆ ನಿಲ್ಲದೆ ಮನೆಯಲ್ಲಿ ಕೂತರೆ ವರ್ಷದೊಳಗೆ ಸೊರಗಿಹೋಗುತ್ತಾರೆಂದು ನನಗೆ ಗೊತ್ತಿತ್ತು. ಹೆದರಿಕೆಯಾಯಿತು. ಹೆದರಿದಾಗ ನನಗೆ ಬೈಗುಳವೇ ಬಾಯಿಗೆ ಬರುವುದು, ಅದನ್ನೇ ಮಾಡಿದೆ.

ಇಷ್ಟಾಗಿಯೂ ಇವರು ಡಾಕ್ಟರ ಮಾತು ಕೇಳಿದರೇ? ಒಂದು ಬೆಳಿಗ್ಗೆ ಹಳೆಯ ಪೇಪರುಗಳನ್ನು ರದ್ದಿಗೆ ಹಾಕಲು ತೆಗೆದರೆ, ನಡುವಿನಲ್ಲಿ ಪ್ಯಾಂಟಿನ ಆಕಾರದ ತೂತು. ಮುಂದಿನದರಲ್ಲಿ ತೋಳಿನ ಆಕಾರ. ಇನ್ನೊಂದರಲ್ಲಿ ಮಂತ್ರಿಯೊಬ್ಬರ ಭಾಷಣದ ನಡುವೆ ಕೋಟಿನ ಕಾಲರು. ಗೆರೆಯಲ್ಲ ಅವು, ಹಲ್ಲು ಹಲ್ಲಾಗಿ ಹರಿದ ಅಂಚುಗಳು. ನಾನು ಅಡುಗೆ ಮಾಡುವ ಹೊತ್ತಿನಲ್ಲಿ ಇವರು ಅಂಗಡಿಯಲ್ಲಿ ಕೂತು ಕಳ್ಳತನದಿಂದ ಪ್ರಾಕ್ಟೀಸ್ ಮಾಡುತ್ತಿದ್ದರು. ಅದೂ ಕಾಗದದ ಮೇಲೆ, ಅದೂ ಆ ಕತ್ತರಿಯಿಂದ! ಹಾಲಿನ ಪ್ಯಾಕೆಟ್ಟಿಗೆ ಆಕಾಶ ಭೂಮಿ ಒಂದು ಮಾಡಿದವರು ತಾವೇ ಪೇಪರು ಕತ್ತರಿಸುವ ಮಟ್ಟಕ್ಕೆ ಬಂದಿದ್ದಾರಲ್ಲ ಎಂದು ನನಗೆ ಸಿಟ್ಟೂ ಬಂತು, ಅಳುವೂ ಬಂತು. ಪೇಪರು ಹಿಡಿದುಕೊಂಡೇ ಅಂಗಡಿಗೆ ನುಗ್ಗಿದೆ.

ಇವರು ಟೇಬಲ್ಲಿನ ಮುಂದೆ ನಿಂತಿದ್ದರು. ವಕೀಲರ ಕರಿ ಬಟ್ಟೆ ಹಾಸಿತ್ತು. ಕೈಯಲ್ಲಿ ಕತ್ತರಿ, ಕೈ ಮುದುಡಿಕೊಂಡಿತ್ತು. ಕೋಟಿನ ಬಟ್ಟೆಯನ್ನೇ ಹಾಳು ಮಾಡಲು ಹೊರಟಿದ್ದರು.

“ಬುದ್ಧಿ ಇದೆಯೇನ್ರೀ ನಿಮಗೆ? ಡಾಕ್ಟ್ರು ಬಡಕೊಂಡ್ರು, ನಾನು ಬಡಕೊಂಡೆ, ಗೋಡೆಗೆ ಹೇಳಿದ್ರೂ ಕೇಳೋದು! ಕೊಡಿ ಇಲ್ಲಿ!” ಎಂದು ಇವರ ಮಣಿಕಟ್ಟು ಹಿಡಿದೆ. ಕಿತ್ತುಕೊಳ್ಳಲೆಂದೇ ಹಿಡಿದದ್ದು. ನನ್ನ ಹೆಬ್ಬೆರಳು ಮಣಿಕಟ್ಟಿನ ಮೇಲ್ಭಾಗವನ್ನು ಒತ್ತಿತ್ತು. ಬೈಯುತ್ತಲೇ ಇದ್ದೆ. ಇವರ ಕೈ ತೆರೆದುಕೊಂಡಿತು. ಕತ್ತರಿ ಬಾಯಿ ತೆರೆಯಿತು, ಕರ್ರ್ ಎಂದು ಮುಂದೆ ಹೋಯಿತು. ಬೆನ್ನಿನ ಭಾಗ ಮುಗಿದು ಟಕ್ ಎಂದಿತು.

ನಾನು ಬೈಗುಳ ನಿಲ್ಲಿಸಿದೆ. ಇವರು ಕತ್ತರಿಯನ್ನೇ ನೋಡುತ್ತಿದ್ದರು. “ಕೈ ತೆಗೆ” ಎಂದರು. ತೆಗೆದೆ. ಕತ್ತರಿ ಎತ್ತಿದರು, ಬೆರಳು ಮಡಚಿತು. “ಇಡು.” ಇಟ್ಟೆ. ಕೈ ತೆರೆಯಿತು. ಅವತ್ತು ಹಾಗೆಯೇ, ಹೆಬ್ಬೆರಳು ಒತ್ತಿಕೊಂಡು ಟೇಬಲ್ಲಿನ ಸುತ್ತ ಇವರ ಜೊತೆಗೆ ನಾನೂ ಸರಿಯುತ್ತಾ, ಇಡೀ ಕೋಟು ಕತ್ತರಿಸಿದೆವು. ಕೊನೆಯ ತುಂಡು ಬಿದ್ದಾಗ ಇವರು ಆ ಬಟ್ಟೆಯ ಅಂಚನ್ನು ಬೆರಳಿನಿಂದ ಸವರಿ ಸವರಿ ನೋಡಿದರು.

ಡಾಕ್ಟರಿಗೆ ಹೇಳಿದರೆ ಅವರು ಮತ್ತೆ ಸಂಭ್ರಮಪಟ್ಟರು. ಕತ್ತರಿ ತರಿಸಿ, ನನ್ನ ಹೆಬ್ಬೆರಳನ್ನೂ ಸೇರಿಸಿ, ಮತ್ತೆ ವಿಡಿಯೋ ಹಿಡಿದರು. ಈ ಕಾಯಿಲೆಯಲ್ಲಿ ಕೆಲವರಿಗೆ ಹೀಗೊಂದು ಉಪಾಯ ಸಿಗುತ್ತದಂತೆ. ಚರ್ಮದ ಮೇಲೆ ಒಂದು ಕಡೆ ಏನೋ ತಾಗಿದರೆ ಆ ಸುದ್ದಿ ಮೆದುಳಿಗೆ ಹೋಗಿ, ತಪ್ಪು ಅಪ್ಪಣೆ ಸ್ವಲ್ಪ ಹೊತ್ತು ತಣ್ಣಗಾಗುತ್ತದಂತೆ. “ಎಷ್ಟು ದಿನ ಕೆಲಸ ಮಾಡುತ್ತೆ ಹೇಳಕ್ಕಾಗಲ್ಲ. ಕೆಲವರಿಗೆ ಬರ್ತಾ ಬರ್ತಾ ಸಾಲದೆ ಹೋಗುತ್ತೆ. ಇರೋವರೆಗೂ ಉಪಯೋಗಿಸಿ, ವ್ಯಾಯಾಮ ಬಿಡಬೇಡಿ” ಎಂದರು.

ಅಂಗಡಿ ಮತ್ತೆ ನಡೆಯತೊಡಗಿತು, ನನ್ನ ಬಾಳು ನಿಂತಿತು. ನನ್ನ ಹೆಬ್ಬೆರಳು ಅಂಗಡಿಯ ಆಸ್ತಿಯಾಯಿತು. ಒಲೆಯ ಮೇಲೆ ಹಾಲಿಟ್ಟಿದ್ದರೆ “ಬಾ ಇಲ್ಲಿ, ಒಂದು ತೋಳಿದೆ.” ಕಾಜಾ ಹೊಲಿಯುತ್ತಿದ್ದರೆ “ಬಾ, ಕಾಲರು.” ನಾನು ಸ್ನಾನಕ್ಕೆ ಹೋದರೆ ಗಿರಾಕಿಗಳಿಗೆ “ಮೇಡಂ ಬರಲಿ, ಕತ್ತರಿಸ್ತೀನಿ” ಎಂದು ಹೇಳುತ್ತಿದ್ದರು. ಗಂಡನ ಕೈ ಹಿಡಿದು ಅಂಗಡಿಯಲ್ಲಿ ನಿಲ್ಲುತ್ತೇನೆಂದು ಗಲ್ಲಿಯಲ್ಲೆಲ್ಲ ನಗು. ಜೆರಾಕ್ಸಿನವನಂತೂ “ಹೊಸ ಜೋಡಿ” ಎಂದು ಹೆಸರಿಟ್ಟ. ಅಕ್ಕ ಫೋನು ಮಾಡಿ “ಯಾವಾಗ ಬರ್ತೀಯೇ?” ಎಂದರೆ, “ಹೆಬ್ಬೆರಳು ಬಿಟ್ಟು ಬರೋ ಹಾಗಿದ್ರೆ ನಾಳೆಯೇ ಬರ್ತಿದ್ದೆ” ಎಂದೆ. ಒರೆಸಿಟ್ಟ ಬ್ಯಾಗಿನ ಮೇಲೆ ಮತ್ತೆ ಧೂಳು ಕೂತಿತು.

ರೋಸಿಹೋಗಿ ಡಾಕ್ಟರನ್ನೇ ಕೇಳಿದೆ, “ನನ್ನ ಬೆರಳೇ ಆಗಬೇಕಾ?” ಅವರು ನಕ್ಕುಬಿಟ್ಟರು. “ಇಲ್ಲಮ್ಮಾ. ಅದೇ ಜಾಗದಲ್ಲಿ ಏನಾದ್ರೂ ಒತ್ತಿದ್ರೂ ಆಗಬಹುದು. ನೋಡಿ.”

ಇದನ್ನು ಮೊದಲೇ ಹೇಳಬಾರದಿತ್ತೇ! ಮನೆಗೆ ಬಂದವಳೇ ಸೊಂಟಕ್ಕೆ ಹಾಕುವ ಅಗಲ ಎಲಾಸ್ಟಿಕ್ ಕತ್ತರಿಸಿ, ಇವರ ಮಣಿಕಟ್ಟಿನ ಅಳತೆಗೆ ಪಟ್ಟಿ ಹೊಲಿದೆ. ಒಳಬದಿಯಲ್ಲಿ, ನನ್ನ ಹೆಬ್ಬೆರಳು ಕೂರುವ ಜಾಗಕ್ಕೆ ಸರಿಯಾಗಿ, ಕೋಟಿನ ದಪ್ಪ ಗುಂಡಿಯೊಂದನ್ನು ಹಾಕಿದೆ. ಅಂಥ ಚೊಕ್ಕ ಹೊಲಿಗೆ ನಾನು ಯಾರಿಗೂ ಹಾಕಿಲ್ಲ. ಇವರು ತೊಟ್ಟುಕೊಂಡರು, ಕತ್ತರಿ ಹಿಡಿದರು, ಕೈ ಮುದುಡಿತು. “ಊಹೂಂ, ಆಗಲ್ಲ. ಬಾ.”

ಗುಂಡಿಯನ್ನು ಮೇಲೆ ಸರಿಸಿದೆ, ಕೆಳಗೆ ಸರಿಸಿದೆ. ದೊಡ್ಡ ಗುಂಡಿ ಹಾಕಿದೆ, ಚಿಕ್ಕದು ಹಾಕಿದೆ. ಪ್ರತಿಸಲವೂ “ಊಹೂಂ.” ಪಟ್ಟಿಯನ್ನು ಟೇಬಲ್ಲಿನ ಡ್ರಾಯರಿಗೆ ಎಸೆದು ಸುಮ್ಮನಾದೆ.

ಆಮೇಲೊಂದು ದಿನ ಅಸ್ತರಿನ ಬಟ್ಟೆ ತರಲೆಂದು ಪೇಟೆಗೆ ಹೋದೆ. ಅಲ್ಲಿನ ಬಟ್ಟೆ ಅಂಗಡಿ ಮುಚ್ಚಿತ್ತು, ಬೇಗ ವಾಪಸು ಬಂದೆ. ಗಲ್ಲಿಯ ತಿರುವಿನಲ್ಲಿಯೇ ಕೇಳಿಸಿತು. ಕರ್ರ್, ಟಕ್. ನಿಂತುಬಿಟ್ಟೆ. ಮತ್ತೆ ಕರ್ರ್, ಉದ್ದಕ್ಕೆ, ಪ್ಯಾಂಟಿನ ಕಾಲು. ಯಾರು ಇವರ ಮಣಿಕಟ್ಟು ಹಿಡಿದಿದ್ದಾರೆ ಎಂದು ಗೊಂಬೆಯ ಕಂಕುಳ ಸಂದಿಯಿಂದ ಇಣುಕಿದೆ. ಯಾರೂ ಇರಲಿಲ್ಲ. ಮಣಿಕಟ್ಟಿನಲ್ಲಿ ನನ್ನ ಪಟ್ಟಿ ಇತ್ತು.

“ಏನಮ್ಮಾ ಹೊರಗೇ ನಿಂತ್ರಿ?” ಎಂದ ಬೀಗದವನು ಗೂಡಿನಿಂದ. “ಮಾಸ್ಟರಿಗೆ ಪೂರ್ತಿ ವಾಸಿಯಾಗಿದೆ ಅಲ್ವಾ? ನೀವು ಆಚೆ ಹೋದ್ರೆ ಸಾಕು, ಕತ್ತರಿ ನಿಲ್ಲೋದೇ ಇಲ್ಲ.”

ನನ್ನ ಮೈಯೆಲ್ಲ ಉರಿದುಹೋಯಿತು. ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಇವರು ನನ್ನನ್ನು ಕಂಡು ಕೈ ಹಿಂದೆ ಮಾಡಿದರು.

“ತೋರಿಸಿ ಕೈ. ತೋರಿಸಿ ಅಂದೆ! ಎಷ್ಟು ದಿನದಿಂದ ನಡೀತಿದೆ ಈ ನಾಟಕ? ನಾನು ಗುಂಡಿ ಬದಲಾಯಿಸಿ ಬದಲಾಯಿಸಿ ಕಣ್ಣು ಕಳ್ಕೊಂಡೆ. ಅಕ್ಕ ಕರೆದೂ ಕರೆದೂ ಸುಸ್ತಾದಳು. ಒಲೆ ಮೇಲಿನ ಹಾಲು ಎಷ್ಟು ಸಲ ಉಕ್ಕಿತು! ಪಟ್ಟಿ ಕೆಲಸ ಮಾಡುತ್ತೆ ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

ಇವರು ಪಟ್ಟಿಯನ್ನು ತಿರುಗಿಸುತ್ತಾ ನಿಂತರು. ಒಂದೇ ಒಂದು ಸಲ ನನ್ನ ಮುಖ ನೋಡಿದರು.

“ಕೆಲಸ ಮಾಡುತ್ತೆ” ಎಂದರು. “ಆದ್ರೆ ಅದು ಬೈಯಲ್ವಲ್ಲ.”

ಇಷ್ಟು ವರ್ಷ ಪರದೆಯ ಆಚೆ ಕೂತಿದ್ದವಳು ನಾನು. ಈ ಕಾಯಿಲೆ ಬಂದ ಮೇಲಷ್ಟೇ ಈ ಕಡೆ ಬಂದು ಇವರ ಪಕ್ಕ ನಿಂತದ್ದು. ಅದು ಇವರಿಗೆ ಬೇಕಾಗಿತ್ತು, ಕೇಳಲು ಬಾಯಿರಲಿಲ್ಲ. ಇಷ್ಟವಾಯಿತು ನನಗೆ, ಸುಳ್ಳು ಹೇಳುವುದಿಲ್ಲ. ಸಿಟ್ಟು ಮಾತ್ರ ಒಂದು ಚೂರೂ ಇಳಿಯಲಿಲ್ಲ. ಮರುದಿನವೇ ಬಸ್ಸಿಗೆ ಟಿಕೆಟು ಮಾಡಿಸಿದೆ. ಇವರು ಎಂದಿನ ಸಮುದ್ರದ ಮಾತನ್ನು ಎತ್ತಲಿಲ್ಲ. ಬ್ಯಾಗಿನ ಧೂಳನ್ನು ತಾವೇ ಒರೆಸಿದರು, ಜಿಪ್ಪು ಕಿತ್ತುಹೋಗಿತ್ತು, ಅದನ್ನೂ ಹಾಕಿಕೊಟ್ಟರು.

ಸಮುದ್ರ ನಾನಂದುಕೊಂಡದ್ದಕ್ಕಿಂತ ಗಲಾಟೆ ಮಾಡುತ್ತದೆ. ಅಕ್ಕನೂ ನಾನೂ ದಂಡೆಯ ಕಲ್ಲಿನ ಕಟ್ಟೆಯ ಮೇಲೆ ಕೂತಿದ್ದೆವು, ಬಿಸಿಲು ಇನ್ನೂ ಎಳೆಯದಾಗಿತ್ತು. ಫೋನು ಬಂತು.

“ಫೋನು ಟೇಬಲ್ ಮೇಲಿಟ್ಟು ಸ್ಪೀಕರ್ ಹಾಕಿದ್ದೀನಿ” ಎಂದರು ಇವರು. “ಪಟ್ಟಿ ಕಟ್ಕೊಂಡಿದ್ದೀನಿ. ವಕೀಲರು ಇನ್ನೊಂದು ಕೋಟಿಗೆ ಕೊಟ್ಟಿದ್ದಾರೆ. ಶುರು ಮಾಡು.”

“ಏನು ಶುರು ಮಾಡ್ಲಿ?”

“ಅದೇ, ದಿನಾ ಮಾಡೋದು.”

ಅಕ್ಕ ನನ್ನ ಮುಖ ನೋಡಿದಳು. ನಾನು ಅವಳಿಗೆ ಬೆನ್ನು ಮಾಡಿ ಕೂತೆ. “ಊಟ ಮಾಡಿದ್ರಾ, ಇಲ್ಲ ಬೇಕರಿ ತಿಂಡಿ ತಿಂದ್ಕೊಂಡೇ ಇದ್ದೀರಾ? ಕೈ ವ್ಯಾಯಾಮ? ಸುಳ್ಳು ಹೇಳಬೇಡಿ, ಮಾಡಿಲ್ಲ ಅಂತ ಧ್ವನಿಯಲ್ಲೇ ಗೊತ್ತಾಗುತ್ತೆ. ಬಟ್ಟೆ ನೆಟ್ಟಗೆ ಹಾಸಿದ್ದೀರಾ? ಗೆರೆ ನೋಡಿ, ಗೋಡೆ ನೋಡಬೇಡಿ!”

ಕರ್ರ್ ಎಂದು ಸದ್ದು ಬಂತು. ಅಲೆಗಳ ಗಲಾಟೆಯಲ್ಲಿಯೂ ನನಗೆ ಸ್ಪಷ್ಟವಾಗಿ ಕೇಳಿಸಿತು. ಬೆನ್ನಿನ ಭಾಗ ಅದು, ಉದ್ದ. ಇನ್ನೆಷ್ಟು ದಿನ ಈ ಉಪಾಯ ನಡೆಯುತ್ತದೋ, ಡಾಕ್ಟರಿಗೇ ಗೊತ್ತಿಲ್ಲ. ಎಲ್ಲಿ ತುಂಡಾಗುತ್ತದೋ ಎಂದು ಉಸಿರು ಹಿಡಿದು ಕೇಳುತ್ತಾ ಕೂತೆ. ಸದ್ದು ನಿಂತಿತು.

“ಯಾಕೆ ಸುಮ್ಮನಾದೆ?” ಎಂದರು ಇವರು ಆ ಕಡೆಯಿಂದ. “ಬೈಯೇ.”

ಟಕ್ ಎನ್ನುವವರೆಗೂ ಬೈದೆ.